ಕೆಪ್ಲರ್ ಬೇಡಿಕೊಂಡದ್ದು

ಪಾದ್ರಿಯಾಗುವ ಆಸೆಯಿಂದ ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಜೊಹಾನ್ನೆಸ್ ಕೆಪ್ಲರ್‌ನನ್ನು 1594ರಲ್ಲಿ ಗ್ರಾಜ್ ಊರಿಗೆ ಗಣಿತದ ಮೇಷ್ಟರಾಗಿ ಕಳುಹಿಸಲಾಯಿತು. ಬಹಳ ದಿನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಆಕಾಶವನ್ನು ಓದುವುದೂ ದೇವರ ಸ್ತುತಿಯೇ ಎಂದು ಹೊಳೆದದ್ದು ಆಮೇಲೆ.

ಮುಂದೆ ಟೈಕೋ ಬ್ರಾಹೆ ಬರಿಗಣ್ಣಿನಿಂದ ಅಳೆದು ಬರೆದಿಟ್ಟಿದ್ದ ಅಂಕಿಗಳನ್ನು ಹಿಡಿದು ಮಂಗಳ ಗ್ರಹದ ದಾರಿಯನ್ನು ವರ್ಷಗಟ್ಟಲೆ ಲೆಕ್ಕ ಹಾಕಿದ. ದಾರಿ ವೃತ್ತಾಕಾರವೆಂದು ಹಿಡಿದರೆ ಎಲ್ಲವೂ ಹೆಚ್ಚುಕಡಿಮೆ ಸರಿ. ವ್ಯತ್ಯಾಸ 8 ಮಿನಿಟು ಮಾತ್ರ. ಗಡಿಯಾರದ ಮಿನಿಟಲ್ಲ, ಒಂದು ಡಿಗ್ರಿಯನ್ನು 60 ಪಾಲು ಮಾಡಿದಾಗ ಸಿಗುವ ಮಿನಿಟು. ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲುಭಾಗವಷ್ಟೆ! ಟೈಕೋನ ಕಣ್ಣೇ ತಪ್ಪಿರಬೇಕೆಂದು ಕೈತೊಳೆದುಕೊಳ್ಳಬಹುದಿತ್ತು. (ಶಾಲೆಯ ಪ್ರಯೋಗಶಾಲೆಗಳಲ್ಲಿ ನಡೆಯುವುದೂ ಅದೇ ತಾನೆ?) ಕೆಪ್ಲರ್ ಹಾಗೆ ಮಾಡಲಿಲ್ಲ. ಇಂಥ ಜಾಗರೂಕ ವೀಕ್ಷಕನನ್ನು ಕೊಟ್ಟದ್ದು ದೇವರ ಕೃಪೆ, ಆ ಕೊಡುಗೆಯನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು ಎಂದ. ತನ್ನ ಲೆಕ್ಕವನ್ನೇ ಕೈಬಿಟ್ಟ. ವೃತ್ತ ಹೋಗಿ ದೀರ್ಘವೃತ್ತ ಬಂತು. 1609ರಲ್ಲಿ ಅದು ಪುಸ್ತಕವಾಯಿತು.

ಹಾಗೆಂದು ಎಲ್ಲದಕ್ಕೂ ತಲೆಯಾಡಿಸುವ ವಿನಯ ಅವನದಲ್ಲ. ಲೂಥರನ್ ಸಭೆಯ ತತ್ವಪತ್ರಕ್ಕೆ ಪೂರ್ತಿಯಾಗಿ ಒಪ್ಪಿಗೆ ಕೊಡಲಾರೆನೆಂದ. 1612ರಲ್ಲಿ ಲಿಂಜ್ ನಗರದ ಪಾದ್ರಿ ಅವನಿಗೆ ಪವಿತ್ರ ಭೋಜನವನ್ನೇ ನಿರಾಕರಿಸಿದರು. ಆ ನೋವು ಕೊನೆಯವರೆಗೂ ಉಳಿಯಿತು. ಸಭೆಯನ್ನು ಮಾತ್ರ ಅವನು ಬಿಡಲಿಲ್ಲ.

ಗ್ರಹಗಳ ಮೂರನೆಯ ನಿಯಮವಿರುವ 1619ರ ಗ್ರಂಥದ ಕೊನೆಯ ಭಾಗದಲ್ಲಿ ಒಂದು ಪ್ರಾರ್ಥನೆಯಿದೆ. ಜನರ ನಡುವೆ ತನ್ನ ಕೀರ್ತಿಯನ್ನು ಬಯಸಿದ್ದರೆ ಕ್ಷಮಿಸು ಎಂದು ಅಲ್ಲಿ ಬೇಡುತ್ತಾನೆ. ನಿನ್ನ ಯೋಜನೆಗೆ ತಕ್ಕದ್ದಲ್ಲದ ಮಾತೇನಾದರೂ ಬರೆದಿದ್ದರೆ, ಅದನ್ನು ತಿದ್ದಿಕೊಳ್ಳುವ ಪ್ರೇರಣೆ ಕೊಡು ಎಂದೂ ಕೇಳುತ್ತಾನೆ.