ಬಾಯ್ಲರ್ ಬೆಸುಗೆಗಳ ಅಲ್ಟ್ರಾಸಾನಿಕ್ ಪರೀಕ್ಷೆ: ಅರ್ಜಿದಾರರಿಗೆ ಮಾಹಿತಿ

ಬೀದರ ನಗರದ ನೌಬಾದ ಕೈಗಾರಿಕಾ ಪ್ರದೇಶದಲ್ಲಾಗಲಿ, ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳಲ್ಲಾಗಲಿ ನೋಂದಾಯಿತ ಬಾಯ್ಲರ್ ಹೊಂದಿರುವವರು ಅದರ ಒತ್ತಡದ ಭಾಗವನ್ನು ಕತ್ತರಿಸಿ ಹೊಸದಾಗಿ ಬೆಸೆಯಿಸಲು ಮುಖ್ಯ ನಿರೀಕ್ಷಕರ ಲಿಖಿತ ಮಂಜೂರಾತಿ ಅಥವಾ ಸಕ್ಷಮ ವ್ಯಕ್ತಿಯ ಮೇಲ್ವಿಚಾರಣೆ ಅವಶ್ಯ. 1923ರ ಬಾಯ್ಲರ್ ಅಧಿನಿಯಮದ ಸ್ಥಾನದಲ್ಲಿ ಈಗ 2025ರ ಅಧಿನಿಯಮವು ಜಾರಿಯಲ್ಲಿದೆ.

ಬೆಸುಗೆಯ ಹೊರಮೈ ನುಣುಪಾಗಿದ್ದರೂ ಒಳಗೆ ಬಿರುಕಿರಬಹುದು, ಇಲ್ಲವೇ ಲೋಹವು ಕರಗಿ ಒಂದಾಗದೆ ಉಳಿದಿರಬಹುದು. ಇದನ್ನು ಪತ್ತೆ ಮಾಡಲು ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳುಳ್ಳ, ಕಿವಿಗೆ ಕೇಳದ ಧ್ವನಿಯನ್ನು ಉಕ್ಕಿನೊಳಕ್ಕೆ ಓರೆಯಾಗಿ ಕಳುಹಿಸಲಾಗುವುದು. ಈ ಧ್ವನಿಯು ಗಾಳಿಯ ಸಂದನ್ನು ದಾಟಲಾರದು. ಶೋಧಕದ ಅಡಿಯಲ್ಲಿ ಎಣ್ಣೆ ಅಥವಾ ಗ್ರೀಸ್ ಸವರುವುದು ಆ ಕಾರಣಕ್ಕೆ. ಒಳಗಿನ ಬಿರುಕಿಗೆ ತಗುಲಿದ ಧ್ವನಿ ಮರಳಿ ಬರುವುದೂ ಅದೇ ಕಾರಣಕ್ಕೆ. ಹೀಗೆ ಓರೆಯಾಗಿ ಕಳುಹಿಸಿದ ಧ್ವನಿಯ ವೇಗ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3,200 ಮೀಟರ್; ಮರಳಲು ಹಿಡಿದ ಸಮಯ ಮತ್ತು ಕೋನದಿಂದ ದೋಷದ ಆಳವನ್ನು ಲೆಕ್ಕಹಾಕಲಾಗುವುದು. ಗಾಳಿಗುಳ್ಳೆಗಳು ಎಕ್ಸ್-ರೇ ಚಿತ್ರದಲ್ಲಿ ಸುಲಭವಾಗಿ ಕಾಣುತ್ತವೆ. ಆದರೆ ಕಿರಣಕ್ಕೆ ಅಡ್ಡಲಾಗಿರುವ ತೆಳು ಬಿರುಕು ಅಲ್ಲಿ ತಪ್ಪಿಹೋಗಬಹುದು. ಉಗಿಯ ಒತ್ತಡದಲ್ಲಿ ಗಾಳಿಗುಳ್ಳೆಗಿಂತ ಹೆಚ್ಚಾಗಿ ಬೆಳೆಯುವುದು ಬಿರುಕೇ.

ಪ್ರತಿಧ್ವನಿ ಬಾರದ ಮಾತ್ರಕ್ಕೆ ಬೆಸುಗೆಯ ಬಲವನ್ನು ಅಳೆದಂತಾಗುವುದಿಲ್ಲ. ಧ್ವನಿಗೆ ಎದುರಾಗದ ಬಿರುಕು ಕಾಣಿಸದೇ ಹೋಗಬಹುದಾದ್ದರಿಂದ 45, 60 ಮತ್ತು 70 ಡಿಗ್ರಿ ಕೋನದ ಶೋಧಕಗಳಲ್ಲಿ ತಗಡಿನ ದಪ್ಪಕ್ಕೆ ಹೊಂದುವವುಗಳನ್ನು ಆರಿಸಿ, ಸಾಧ್ಯವಿದ್ದಲ್ಲಿ ಬೆಸುಗೆಯ ಎರಡೂ ಬದಿಗಳಿಂದ ಪರೀಕ್ಷಿಸತಕ್ಕದ್ದು. ತುಕ್ಕು ಮತ್ತು ಬೆಸುಗೆಯ ಸಿಡಿತವನ್ನು ಮೊದಲೇ ಉಜ್ಜಿ ತೆಗೆಸತಕ್ಕದ್ದು. ಅಂದವಾಗಿ ಕಾಣಲೆಂದು ಬಣ್ಣ ಬಳಿಸಿ ಪರೀಕ್ಷಕರನ್ನು ಕರೆಸುವುದು ಸರಿಯಲ್ಲ.

ವರದಿಯಲ್ಲಿ ಶೋಧಕದ ಕೋನ, ಕಂಪನಸಂಖ್ಯೆ, ಉಪಕರಣವನ್ನು ಹೊಂದಿಸಿದ ಮಾದರಿ ತುಂಡಿನ ವಿವರ ಹಾಗೂ ಪರೀಕ್ಷಿಸಲಾಗದೆ ಬಿಟ್ಟ ಭಾಗ ನಮೂದಾಗಿವೆಯೇ ಎಂಬುದನ್ನು ಮಾಲೀಕರು ನೋಡಿಕೊಳ್ಳತಕ್ಕದ್ದು. ‘ತೃಪ್ತಿಕರ’ ಎಂಬ ಒಂದೇ ಪದದ ವರದಿಯಿಂದ ಯಾವ ಬೆಸುಗೆಯನ್ನು ಎಲ್ಲಿಯವರೆಗೆ ನೋಡಲಾಗಿದೆ ಎಂಬುದು ತಿಳಿಯುವುದಿಲ್ಲ.