ರೋಹಿಣಿ ಮಳೆಗೆ ಮೊದಲು ಫ್ಲೂ ಸೂಜಿ

ಕೊರೊನಾ ಕಾಲದಲ್ಲಿ ಹಳ್ಳಿಯಲ್ಲಿ ಲಸಿಕೆ ಎಂದರೆ ಒಂದೇ ಲಸಿಕೆ. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದ ಮೇಲೆ ಜನರ ಬಾಯಲ್ಲೂ ಅದೇ, ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲೂ ಅದೇ. ಇದರ ನಡುವೆ ಸಕ್ಕರೆ ಕಾಯಿಲೆಯ ಅಜ್ಜನಿಗೋ ಅಸ್ತಮಾ ಇರುವ ಸೊಸೆಗೋ ಡಾಕ್ಟರು ‘ಫ್ಲೂ ಲಸಿಕೆಯನ್ನೂ ಹಾಕಿಸಿಬಿಡಿ’ ಎಂದು ಚೀಟಿ ಬರೆದುಕೊಟ್ಟರೆ, ಆ ಚೀಟಿ ಹಿಡಿದು ಎಲ್ಲಿಗೆ ಹೋಗಬೇಕು ಎಂಬುದೇ ಗೊತ್ತಾಗುತ್ತಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದು ಬರುವುದಿಲ್ಲ, ಊರಿನ ಮೆಡಿಕಲ್ ಸ್ಟೋರಿನಲ್ಲಿ ಸ್ಟಾಕ್ ಇರುವುದಿಲ್ಲ.

ಹಾಗೆಂದು ಸಿಗದ ವಸ್ತುವೇನಲ್ಲ. ಪೋಲಿಯೊ ಹನಿಯ ಹಾಗೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ, ನಾವೇ ಮುಂಚೆ ಕೇಳಿ ತರಿಸಿಕೊಳ್ಳಬೇಕು, ಅಷ್ಟೆ. ಯಾವ ತಿಂಗಳಲ್ಲಿ ಕೇಳಬೇಕು, ಯಾರನ್ನು ಕೇಳಬೇಕು, ಪೆಟ್ಟಿಗೆಯ ಮೇಲೆ ಏನನ್ನು ನೋಡಬೇಕು ಎಂಬುದು ತಿಳಿದಿದ್ದರೆ ಊರು ಎಷ್ಟೇ ಒಳಗಿದ್ದರೂ ಕೆಲಸ ಆಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಏಕಿಲ್ಲ?

ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ದಡಾರ-ರುಬೆಲ್ಲಾ ಲಸಿಕೆಗಳೆಲ್ಲ ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಉಚಿತವಾಗಿ ಬರುತ್ತವೆ. ಬಯಲುಸೀಮೆಯಲ್ಲಿ ಸುಮಾರು 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದರಂತೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವುಗಳನ್ನು ಇಡಲೆಂದೇ ಐಎಲ್‌ಆರ್ ಎಂಬ ಮೇಲ್ಬಾಗಿಲಿನ ವಿಶೇಷ ಫ್ರಿಜ್ ಇರುತ್ತದೆ. ಫ್ಲೂ ಲಸಿಕೆ ಆ ಕಾರ್ಯಕ್ರಮದ ಪಟ್ಟಿಯಲ್ಲಿಲ್ಲ. ಗರ್ಭಿಣಿಯರು, ವಯಸ್ಸಾದವರು, ದೀರ್ಘ ಕಾಯಿಲೆಯವರು, ಆರೋಗ್ಯ ಸಿಬ್ಬಂದಿ ಇದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳಿದರೂ, ಸಾಮಾನ್ಯ ಜನರು ದುಡ್ಡು ಕೊಟ್ಟು ಖಾಸಗಿಯಾಗಿಯೇ ಪಡೆಯಬೇಕು. ಕೊರೊನಾ ಕಾಲದಲ್ಲಿ ನಾಲ್ಕು ವೈರಸ್ ತಳಿಗಳ ವಿರುದ್ಧದ ಲಸಿಕೆ ಒಂದು ಡೋಸಿಗೆ ಹೆಚ್ಚುಕಡಿಮೆ ಒಂದೂವರೆ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿತ್ತು. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಮನೆಯಲ್ಲಿ ಯಾರಿಗೆ ಮೊದಲು ಎಂಬ ಲೆಕ್ಕ ಬೇಕಾಗುತ್ತದೆ.

ಯಾರಿಗೆ ಮೊದಲು?

ಗರ್ಭಿಣಿಗೆ ಮೊದಲ ಸ್ಥಾನ. ಎಷ್ಟನೇ ತಿಂಗಳಾದರೂ ಸರಿ, ಸೂಜಿಯಾಗಿ ಕೊಡುವ ಫ್ಲೂ ಲಸಿಕೆ ಹಾಕಿಸಬಹುದು. ತಾಯಿಯಲ್ಲಿ ಹುಟ್ಟಿದ ರಕ್ಷಣೆ ಕೂಸಿಗೂ ಸಾಗುತ್ತದೆ. ಆರು ತಿಂಗಳು ತುಂಬದ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲವಾದ್ದರಿಂದ ಅದಕ್ಕೆ ಇರುವ ಮುಖ್ಯ ದಾರಿ ಇದು. ನಂತರದ ಸರದಿ 65 ದಾಟಿದವರದು. ಹಾಗೆಯೇ ಯಾವ ವಯಸ್ಸಿನವರಾದರೂ ಸಕ್ಕರೆ ಕಾಯಿಲೆ, ಹೃದ್ರೋಗ, ಅಸ್ತಮಾ, ಮೂತ್ರಪಿಂಡದ ಕಾಯಿಲೆ ಇರುವವರದು. ಆಮೇಲೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಮುಂದಿನ ವರ್ಷದಿಂದ ಒಂದೇ ಸಾಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ನರ್ಸುಗಳನ್ನು ಮರೆಯಬಾರದು. ಜ್ವರದ ಮನೆಗೆ ಮೊದಲು ಕಾಲಿಡುವವರೂ ಅವರೇ, ಅಲ್ಲಿಂದ ಬಾಣಂತಿ ಇರುವ ಮನೆಗೆ ಹೋಗುವವರೂ ಅವರೇ.

ಪ್ರತಿ ವರ್ಷ ಏಕೆ, ಯಾವ ತಿಂಗಳಲ್ಲಿ?

ಫ್ಲೂ ವೈರಸ್ ತನ್ನ ಹೊರಮೈಯನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಲೇ ಇರುತ್ತದೆ. ಅದರ ಬೆನ್ನು ಹತ್ತಲು ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ಪ್ರಯೋಗಾಲಯಗಳ ಒಂದು ಜಾಲವನ್ನು ನಡೆಸುತ್ತಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅದರಲ್ಲಿದೆ. ಈ ಮಾಹಿತಿಯ ಮೇಲೆ ವರ್ಷಕ್ಕೆ ಎರಡು ಸಲ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ಸಲಹೆ ಕೊಡಲಾಗುತ್ತದೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧದ ಲಸಿಕೆಗೆ, ಸೆಪ್ಟೆಂಬರಿನಲ್ಲಿ ಮುಂದಿನ ವರ್ಷದ ದಕ್ಷಿಣ ಗೋಳಾರ್ಧದ ಲಸಿಕೆಗೆ.

ಭಾರತ ಇರುವುದು ಭೂಮಧ್ಯರೇಖೆಯ ಉತ್ತರಕ್ಕೆ. ಆದರೂ ನಮ್ಮಲ್ಲಿ ಫ್ಲೂ ಹೆಚ್ಚುವುದು ಯುರೋಪಿನ ಹಾಗೆ ಚಳಿಗಾಲದಲ್ಲಿ ಮಾತ್ರವಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಏರಿಕೆ, ಮಳೆಗಾಲದಲ್ಲೂ ಅದರ ಬೆನ್ನಿಗೂ ಇನ್ನೊಂದು. ಕಾಶ್ಮೀರದಂಥ ಕಡೆ ಚಳಿಗಾಲದ ಏರಿಕೆಯೇ ದೊಡ್ಡದು. ಮುಂಗಾರನ್ನು ನಂಬಿದ ದಕ್ಷಿಣದ ನಾಡುಗಳಲ್ಲಿ ಮಳೆಗಾಲದ್ದು ದೊಡ್ಡದು. ಆದ್ದರಿಂದ ಕರ್ನಾಟಕದವರಿಗೆ ಹೊಂದುವುದು ದಕ್ಷಿಣ ಗೋಳಾರ್ಧದ ಲಸಿಕೆ. ಅದು ಅಂಗಡಿಗೆ ಬರುವುದು ಬೇಸಿಗೆಯ ಕೊನೆಗೆ. ಸೂಜಿ ಬಿದ್ದ ಮೇಲೆ ಮೈಯಲ್ಲಿ ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು. ರೈತರ ಲೆಕ್ಕದಲ್ಲಿ ಹೇಳುವುದಾದರೆ, ಏಪ್ರಿಲ್ ಕೊನೆಯ ಭರಣಿ ಮಳೆಯ ಹೊತ್ತಿಗೆ ವಿಚಾರಿಸಿ, ಮೇ ತಿಂಗಳ ಕೃತ್ತಿಕೆಯಲ್ಲಿ, ರೋಹಿಣಿಗೆ ಮೊದಲೇ, ಹಾಕಿಸಿಕೊಂಡರೆ ಮೃಗಶಿರಾ ಹಿಡಿದುಕೊಳ್ಳುವಷ್ಟರಲ್ಲಿ ಮೈ ಸಿದ್ಧವಾಗಿರುತ್ತದೆ. ತಡವಾದರೂ ಬಿಡಬೇಕಿಲ್ಲ. ಸೋಂಕು ಹರಡುತ್ತಿರುವಷ್ಟು ದಿನ ಲಸಿಕೆಯಿಂದ ಲಾಭವಿದೆ.

ಫೋನಿನಲ್ಲಿ ಕೇಳಬೇಕಾದದ್ದು

ಹುಡುಕಾಟ ಶುರುವಾಗಬೇಕಾದದ್ದು ತಾಲ್ಲೂಕು ಕೇಂದ್ರದ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಿಂದ. ಖಾಸಗಿ ಲಸಿಕೆಗಳನ್ನು ವರ್ಷವಿಡೀ ಇಡುವವರು ಅವರು. ಅವರಲ್ಲೇ ದೊಡ್ಡವರಿಗೂ ಹಾಕಿಸಬಹುದು, ಅಥವಾ ಎಲ್ಲಿ ಸಿಗುತ್ತದೆಂದು ಕೇಳಿ ತಿಳಿಯಬಹುದು. ಬಸ್ಸು ಹತ್ತುವ ಮೊದಲು ಫೋನು ಮಾಡಿ ಇಷ್ಟನ್ನು ಕೇಳಿ:

• ಈ ವರ್ಷದ ಸ್ಟಾಕ್ ಇದೆಯೇ? ಇಲ್ಲದಿದ್ದರೆ ತರಿಸಲು ಎಷ್ಟು ದಿನ?
• ಸೂಜಿ ಹಾಕುವ ಖರ್ಚೂ ಸೇರಿ ಒಟ್ಟು ಎಷ್ಟಾಗುತ್ತದೆ?
• ಕರೆಂಟು ಹೋದಾಗ ಫ್ರಿಜ್‌ಗೆ ಯುಪಿಎಸ್ ಅಥವಾ ಜನರೇಟರ್ ಇದೆಯೇ?
• ಜ್ವರದ ರೋಗಿಗಳು ಬರುವ ಸಮಯ ಬಿಟ್ಟು ಬೇರೆ ಯಾವ ಹೊತ್ತಿಗೆ ಬರಬಹುದು?

ಕ್ಲಿನಿಕ್ಕಿನಲ್ಲಿ ಕುಳಿತಾಗ ಪೆಟ್ಟಿಗೆಯನ್ನು ಒಮ್ಮೆ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅಂಗೈಯಷ್ಟು ಉದ್ದದ ಆ ಡಬ್ಬಿಯೊಳಗೆ ಮೊದಲೇ ಔಷಧ ತುಂಬಿದ ಒಂದೇ ಸಿರಿಂಜ್ ಇರುತ್ತದೆ. ಡೋಸ್ ಅರ್ಧ ಮಿಲಿಲೀಟರ್. ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳಲ್ಲದೆ ಯಾವ ಋತುವಿನ ಲಸಿಕೆ ಎಂಬುದನ್ನೂ ಅಚ್ಚು ಮಾಡಿರುತ್ತಾರೆ. ದಕ್ಷಿಣ ಗೋಳಾರ್ಧದ್ದಾದರೆ ಒಂದೇ ಇಸವಿ, ಉತ್ತರದ್ದಾದರೆ 2020/2021 ಎಂಬಂತೆ ಜೋಡಿ ಇಸವಿ. ಅವಧಿ ಮುಗಿಯದಿದ್ದರೂ ಹಿಂದಿನ ಋತುವಿನದಾದರೆ ಹೊಸದನ್ನು ಕೇಳಿ. ಸೂಜಿಯಾದ ಮೇಲೆ ಡಬ್ಬಿಯ ಚೀಟಿಯನ್ನು ಮಗುವಿನ ಲಸಿಕೆ ಪುಸ್ತಕದಲ್ಲೋ, ಗರ್ಭಿಣಿಯಾದರೆ ತಾಯಿ ಕಾರ್ಡಿನಲ್ಲೋ ಅಂಟಿಸಿ ತಾರೀಖು ಬರೆಸಿಕೊಳ್ಳಿ.

ತಂಪು ತಪ್ಪಬಾರದು

ಈ ಲಸಿಕೆ ಕೆಡದೆ ಇರಬೇಕಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡುಗಳ ನಡುವೆ ಹುದುಗಿಸಿ, ಬೈಕಿನಲ್ಲಿ ಊರಿಗೆ ತಂದು ‘ಸಿಸ್ಟರ್, ಇದೊಂದು ಹಾಕಿಬಿಡಿ’ ಎನ್ನುವ ರೂಢಿ ಇದೆ. ಐಸಿಗೆ ತಾಗಿ ಹೆಪ್ಪುಗಟ್ಟಿ ಮತ್ತೆ ಕರಗಿದ ಔಷಧ ನೋಡಲು ಮೊದಲಿನಂತೆಯೇ ಇರುತ್ತದೆ, ಶಕ್ತಿ ಮಾತ್ರ ಹೋಗಿರುತ್ತದೆ. ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ ಇಡುವುದೂ ಸರಿಯಲ್ಲ.

ಲಸಿಕೆ ಸಾಗಿಸುವ ಸರಿಯಾದ ಬಗೆಯನ್ನು ಯಾವುದಾದರೂ ಗುರುವಾರ, ಲಸಿಕೆಯ ದಿನ, ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ನಿಂತು ನೋಡಬಹುದು. ನರ್ಸಮ್ಮ ಫ್ರೀಜರ್‌ನಿಂದ ಐಸ್‌ಪ್ಯಾಕ್‌ಗಳನ್ನು ತೆಗೆದು ಕೂಡಲೇ ಲಸಿಕೆ ಒಯ್ಯುವ ಪೆಟ್ಟಿಗೆಗೆ ಹಾಕುವುದಿಲ್ಲ. ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಮೇಲಿನ ಬಿಳಿ ಹಿಮ ಕರಗಿ ಪ್ಯಾಕ್ ಬೆವರತೊಡಗುತ್ತದೆ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆಯೇ ನಾಲ್ಕು ಪ್ಯಾಕ್‌ಗಳನ್ನು ನಾಲ್ಕು ಗೋಡೆಗೆ ಒರಗಿಸಿ ನಡುವೆ ಲಸಿಕೆ ಇಡುತ್ತಾರೆ. ಆ ಸದ್ದು ಬಂದಿತೆಂದರೆ ಐಸ್ ಸೊನ್ನೆ ಡಿಗ್ರಿಗೆ ಏರಿದೆ, ಇನ್ನು ಲಸಿಕೆಯನ್ನು ಹೆಪ್ಪುಗಟ್ಟಿಸುವ ಭಯ ಕಡಿಮೆ ಎಂದರ್ಥ. ಇಷ್ಟು ಎಚ್ಚರ ನಮ್ಮ ಕೈಲಿ ಆಗದಿದ್ದರೆ, ಲಸಿಕೆಯನ್ನು ಊರಿಗೆ ತರುವ ಬದಲು ಲಸಿಕೆ ಇರುವಲ್ಲಿಗೆ ನಾವೇ ಹೋಗುವುದು ಲೇಸು.

ಸಾಂಕ್ರಾಮಿಕದ ನಡುವೆ ಹೋಗಿಬರುವುದು

2020ರಲ್ಲಿ ಬಸ್ಸು ನಿಂತಾಗ, ಆಸ್ಪತ್ರೆಯ ಬಾಗಿಲೇ ಭಯ ಹುಟ್ಟಿಸುತ್ತಿದ್ದಾಗ, ಸಾಮಾನ್ಯ ಲಸಿಕೆಗಾಗಿ ಹೊರಡುವುದೂ ಯೋಚಿಸುವ ವಿಷಯವಾಗಿತ್ತು. ಆಗ ಕಲಿತ ಕೆಲವು ಕ್ರಮಗಳು ಮುಂದೆ ಯಾವ ಸಾಂಕ್ರಾಮಿಕ ಬಂದರೂ ಉಪಯೋಗಕ್ಕೆ ಬರುತ್ತವೆ. ಜ್ವರವೋ ಕೆಮ್ಮೋ ಇದ್ದರೆ ಆ ದಿನ ಹೋಗಬಾರದು. ಕೋವಿಡ್ ಬಂದವರು ಪೂರ್ತಿ ಗುಣವಾಗಿ, ಪ್ರತ್ಯೇಕವಾಸ ಮುಗಿಸಿದ ಮೇಲೆ ಹಾಕಿಸಿಕೊಳ್ಳಬೇಕು. ಜ್ವರ ಚಿಕಿತ್ಸಾಲಯದ ಸಾಲಿನಿಂದ ದೂರವಿರಬೇಕು. ಮಾಸ್ಕ್ ಬೇಕು, ಸುಲಭವಾಗಿ ಭುಜದವರೆಗೆ ಸರಿಯುವ ತೋಳಿನ ಅಂಗಿಯೋ ರವಿಕೆಯೋ ಬೇಕು, ಜೊತೆಗೆ ಒಬ್ಬರು ಸಾಕು. ಸೂಜಿಯ ನಂತರ ಅರ್ಧ ಗಂಟೆ ಕಾಯುವುದನ್ನು ತಪ್ಪಿಸಬಾರದು. ಆದರೆ ಅದನ್ನು ಒಳಗಿನ ಬೆಂಚಿಗಿಂತ ಹೊರಗಿನ ಜಗಲಿಯಲ್ಲಿ, ನರ್ಸಿನ ಕಣ್ಣಿಗೆ ಬೀಳುವಂತೆ ಕುಳಿತು ಕಳೆಯಬಹುದು.

ಎರಡು ಲಸಿಕೆಗಳ ಅಂತರದ ಬಗ್ಗೆ ಆಗ ಗೊಂದಲವಿತ್ತು. ಕೋವಿಡ್ ಲಸಿಕೆಗೂ ಬೇರೆ ಲಸಿಕೆಗೂ ನಡುವೆ ಕನಿಷ್ಠ 14 ದಿನ ಇರಲಿ ಎಂದು 2021ರಲ್ಲಿ ಭಾರತದ ಮಾರ್ಗಸೂಚಿ ಹೇಳಿತ್ತು. ಅನುಭವ ಬೆಳೆದಂತೆ, ಅದೇ ವರ್ಷದ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಲಸಿಕೆಯನ್ನೂ ಸೂಜಿಯ ಫ್ಲೂ ಲಸಿಕೆಯನ್ನೂ ಒಂದೇ ಭೇಟಿಯಲ್ಲಿ, ಬೇರೆಬೇರೆ ತೋಳಿಗೆ ಕೊಡಬಹುದು ಎಂದಿತು. ಹೊಸ ಸಾಂಕ್ರಾಮಿಕದಲ್ಲಿ ನಿಯಮ ಹೀಗೆ ನಡುವೆ ಬದಲಾಗುವುದು ಸಹಜ. ಹಳೆಯ ವಾಟ್ಸ್ಆ್ಯಪ್ ಸಂದೇಶ ನೋಡದೆ ಆ ವಾರದ ನಿಯಮವನ್ನು ಡಾಕ್ಟರಲ್ಲೇ ಕೇಳಬೇಕು.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

‘ಅಕ್ಕಾ, ಇದನ್ನು ಹಾಕಿಸಿಕೊಂಡರೆ ಕೊರೊನಾ ಬರಲ್ವಾ?’ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿದವರು ಬಹಳ. ಬರಬಹುದು. ಫ್ಲೂ ಲಸಿಕೆ ತಡೆಯುವುದು ಫ್ಲೂವನ್ನು ಮಾತ್ರ. ಅದನ್ನೂ ನೂರಕ್ಕೆ ನೂರು ತಡೆಯುವುದಿಲ್ಲ. ಲಸಿಕೆಯ ತಳಿಯೂ ಹರಡುತ್ತಿರುವ ತಳಿಯೂ ಹೊಂದಿದ ವರ್ಷಗಳಲ್ಲಿ ಡಾಕ್ಟರ ಹತ್ತಿರ ಹೋಗಬೇಕಾದಷ್ಟು ಕಾಯಿಲೆ ಬೀಳುವ ಸಾಧ್ಯತೆ ಶೇ 40ರಿಂದ 60ರಷ್ಟು ತಗ್ಗುತ್ತದೆ. ಮಾಮೂಲಿ ನೆಗಡಿಯ ವೈರಸ್‌ಗಳು ಬೇರೆ, ಅವು ಬಂದೇ ಬರುತ್ತವೆ. ಸೂಜಿಯ ಲಸಿಕೆಯಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ವೈರಸ್‌ನ ಭಾಗಗಳಾದ್ದರಿಂದ ಅದರಿಂದಲೇ ಫ್ಲೂ ಬರಲಾರದು. ತೋಳು ನೋವು, ಒಂದೆರಡು ದಿನ ಮೈ ಬೆಚ್ಚಗಾಗುವುದು ಸಾಮಾನ್ಯ. ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಬೇಕು.

ಹಾಗಾದರೆ ಸಾಂಕ್ರಾಮಿಕದ ಕಾಲದಲ್ಲಿ ಇದಕ್ಕೇಕೆ ಇಷ್ಟು ಪಾಡು? ಹಳ್ಳಿಯಲ್ಲಿ ಜ್ವರ ಒಂದೇ ತರದ್ದಲ್ಲ. ಮಲೆನಾಡಿನಲ್ಲಿ ಬೇಸಿಗೆಗೆ ಮಂಗನ ಕಾಯಿಲೆ, ಮಳೆಗೆ ಡೆಂಗಿ, ಅದರ ಮೇಲೆ ಕೋವಿಡ್, ಅದರ ಜೊತೆ ಫ್ಲೂ. ಮೊದಲ ಎರಡು ದಿನ ಎಲ್ಲದರ ಲಕ್ಷಣವೂ ಹೆಚ್ಚುಕಡಿಮೆ ಒಂದೇ. ಇವುಗಳಲ್ಲಿ ಒಂದನ್ನು ಮುಂಚೆಯೇ ಕಡಿಮೆ ಮಾಡಿಕೊಂಡರೆ, ಪರೀಕ್ಷೆಗೆಂದು ತಾಲ್ಲೂಕಿಗೆ ಅಲೆಯುವುದು, ವರದಿ ಬರುವವರೆಗೆ ಬೇರೆ ಕೋಣೆಯಲ್ಲಿ ಇರುವುದು, ಆಮ್ಲಜನಕದ ಹಾಸಿಗೆಗಾಗಿ ಪರದಾಡುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ. 2009ರಲ್ಲಿ ಹಂದಿಜ್ವರವೆಂದು ಜಗತ್ತನ್ನು ನಡುಗಿಸಿದ ಎಚ್1ಎನ್1 ಇಂದು ಋತುಮಾನದ ಫ್ಲೂಗಳಲ್ಲಿ ಒಂದು. ಅದರ ವಿರುದ್ಧದ ರಕ್ಷಣೆಯೂ ಇದೇ ಸಿರಿಂಜಿನಲ್ಲಿದೆ.

ಲಸಿಕೆ ಆಗದವರಿಗೆ ಮಳೆಗಾಲದಲ್ಲಿ ಜೋರು ಜ್ವರ, ಕೆಮ್ಮು ಬಂದರೆ, ಅದರಲ್ಲೂ ಗರ್ಭಿಣಿಗೋ ವೃದ್ಧರಿಗೋ ಬಂದರೆ, ಕಾಯದೆ ಎರಡು ದಿನದೊಳಗೆ ಡಾಕ್ಟರನ್ನು ಕಾಣಬೇಕು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ.

ಒಬ್ಬರಿಗಿಂತ ಊರು ಮೇಲು

ಒಂದು ಡೋಸಿಗಾಗಿ ಯಾವ ಕ್ಲಿನಿಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನೈದು–ಇಪ್ಪತ್ತು ಡೋಸ್ ಎಂದರೆ ಸಗಟು ವ್ಯಾಪಾರಿಯಿಂದ ತರಿಸುತ್ತಾರೆ, ಬೆಲೆಯಲ್ಲೂ ಮಾತಾಡಬಹುದು, ಒಪ್ಪಿದರೆ ಡಾಕ್ಟರೇ ಲಸಿಕೆ ಪೆಟ್ಟಿಗೆ ಸಮೇತ ಊರಿಗೆ ಬರಬಹುದು. ಶಾಲೆಯ ಜಗಲಿಯಂಥ ಗಾಳಿಯಾಡುವ ಜಾಗದಲ್ಲಿ, ಹೊತ್ತು ಹಂಚಿಕೊಂಡು ಬಂದರೆ ಗುಂಪೂ ಸೇರುವುದಿಲ್ಲ. ಇದಕ್ಕೆ ಹೊಸ ಸಂಘ ಕಟ್ಟಬೇಕಿಲ್ಲ. ಸ್ತ್ರೀಶಕ್ತಿ ಸಂಘ ಇದೆ, ದಿನಕ್ಕೆರಡು ಹೊತ್ತು ಊರಿನವರೆಲ್ಲ ಬಂದುಹೋಗುವ ಹಾಲಿನ ಡೇರಿ ಇದೆ. ಯುಗಾದಿ ಕಳೆದ ಮೇಲೆ ಡೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿ ಹೆಸರು ಬರೆಸಿ, ಏಪ್ರಿಲ್ ಕೊನೆಯೊಳಗೆ ಕ್ಲಿನಿಕ್ಕಿಗೆ ಲೆಕ್ಕ ಕೊಟ್ಟರೆ ಮೇ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ದುಡ್ಡು ಹೊಂದಿಸಲಾಗದ ಗರ್ಭಿಣಿಯ ಹೆಸರು ಆ ಹಾಳೆಯಲ್ಲಿದ್ದರೆ, ಅವಳ ಡೋಸಿನ ಖರ್ಚನ್ನು ಉಳಿದವರು ಹಂಚಿಕೊಳ್ಳುವ ಮಾತೂ ಅಲ್ಲೇ ಆಗಿಬಿಡಲಿ.