ಈ ಸಿಗಡಿ ಯಾವ ಊರಿನದು?

ಹೂಸ್ಟನ್ನಿನ ನಮ್ಮವರು ಗ್ಯಾಲ್ವೆಸ್ಟನ್ ಕಡೆ ಹೋಗಿ ದೋಣಿಯಿಂದಿಳಿದ ಸಿಗಡಿ ತರಬಹುದು. ಡಲ್ಲಾಸ್, ಆಸ್ಟಿನ್‌ಗಳಲ್ಲಿರುವ ನಮಗೆ ಅಂಗಡಿಯ ಚೀಟಿಯೇ ಗತಿ.

ಆ ಚೀಟಿಗೆ ಕಾನೂನಿದೆ. 2005ರ ಏಪ್ರಿಲ್‌ನಿಂದ ಅಮೆರಿಕದ ದೊಡ್ಡ ಅಂಗಡಿಗಳು ಮೀನು, ಸಿಗಡಿ ಯಾವ ದೇಶದ್ದು, ಬಲೆಗೆ ಬಿದ್ದದ್ದೋ ಸಾಕಿದ್ದೋ ಎಂದು ತಿಳಿಸಲೇಬೇಕು. ಅದರ ದಾಖಲೆಯನ್ನು ಒಂದು ವರ್ಷ ಇಟ್ಟಿರಬೇಕು. ವೋಚರ್ ಇಲ್ಲದ ಖರ್ಚು ಒಪ್ಪದ ನಮ್ಮಂಥ ಲೆಕ್ಕಿಗರಿಗೆ ಇದು ಹಿಡಿಸುವ ಮಾತೇ.

ಆದರೆ 'ಅಂಗಡಿ' ಎಂದರೆ ಯಾವುದು? ವರ್ಷಕ್ಕೆ 2,30,000 ಡಾಲರ್‌ಗೂ ಹೆಚ್ಚಿನ ಹಣ್ಣು ತರಕಾರಿ ಕೊಳ್ಳುವವರು ಮಾತ್ರ. ಮೀನಿಗೆ ತರಕಾರಿಯ ಅಳತೆಗೋಲು! ಹಾಗಾಗಿ ಬರೀ ಮೀನು ಮಾರುವ ಅಂಗಡಿಗೆ ಈ ನಿಯಮವಿಲ್ಲ. ಹೋಟೆಲಿಗೂ ಇಲ್ಲ, ಬೇಯಿಸಿದ ಅಥವಾ ಬ್ರೆಡ್ ಪುಡಿ ಹಚ್ಚಿದ ಸಿಗಡಿಗೂ ಇಲ್ಲ. ಆಮದಾದ ಮುಚ್ಚಿದ ಪ್ಯಾಕೆಟ್ಟಿನ ಮೇಲಾದರೆ ಕಸ್ಟಮ್ಸ್ ಕಾನೂನಿನಂತೆ ದೇಶದ ಹೆಸರಿರುತ್ತದೆ.

2018ರ ಡಿಸೆಂಬರ್ 31ರಿಂದ ಆಮದು ಸಿಗಡಿ ಎಲ್ಲಿ ಹಿಡಿದದ್ದು, ಎಲ್ಲಿ ಸಾಕಿದ್ದು ಎಂಬ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ಅದು ಬಂದರಿನಲ್ಲೇ ಉಳಿಯುತ್ತದೆ, ನಮ್ಮ ಚೀಟಿಗೆ ಇಳಿಯುವುದಿಲ್ಲ.

ಇನ್ನು 'ಭಾರತ' ಎಂದು ಕಂಡೊಡನೆ ಮಲ್ಪೆಯನ್ನು ನೆನೆಯುವ ನಮ್ಮ ಉಡುಪಿ, ಮಂಗಳೂರಿನವರಿಗೊಂದು ಮಾತು. ಬಲೆಗಳಲ್ಲಿ ಕಡಲಾಮೆ ಪಾರಾಗುವ ಸಾಧನವಿಲ್ಲವೆಂದು 2019ರಿಂದ ಭಾರತದ ಕಡಲ ಸಿಗಡಿಗೆ ಇಲ್ಲಿ ಬಾಗಿಲು ಮುಚ್ಚಿದೆ. ಬರುವುದು ಸಾಕಿದ ವನ್ನಾಮಿ, ಹೆಚ್ಚಿನದು ಆಂಧ್ರದ ಕೊಳಗಳದ್ದು.

ಚೀಟಿಯಿಲ್ಲದ ಕಡೆ ನಾವು ಪೆಟ್ಟಿಗೆ ತೋರಿಸಿ ಎನ್ನುತ್ತೇವೆ. ಕೆಲವರು ತೋರಿಸುತ್ತಾರೆ.